ಎಂಟಡಿ ಬೋವಾಕ್ಕೆ ಎಂಥ ಗೂಡು? ಅಳತೆಯಿಂದ ಬೀಗದವರೆಗೆ

"ಬೋವಾ ಮರಿ ತಂದಾಯ್ತು, ಮೂರಡಿ ಗಾಜಿನ ತೊಟ್ಟಿ ಸಾಕಾ?" ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಸಾಕು, ಒಂದು ವರ್ಷದ ಮಟ್ಟಿಗೆ. ಬೋವಾ ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತರಿಂದ ಮೂವತ್ತು ವರ್ಷ ಬದುಕುವ, ಹೆಬ್ಬಾವಿನಂಥ ವಿದೇಶಿ ಹಾವು. ಮರಿಯ ಅಳತೆಗೆ ತೊಟ್ಟಿ ಕೊಂಡವರು ಎರಡನೇ ವರ್ಷ ಇನ್ನೊಂದು, ನಾಲ್ಕನೇ ವರ್ಷ ಮತ್ತೊಂದು ಕೊಳ್ಳುತ್ತಾರೆ. ಕೊನೆಗೆ ಬೇಕಾದ ಗೂಡಿಗೆ ಮನೆಯಲ್ಲಿ ಜಾಗವೇ ಇಲ್ಲ ಅನ್ನುವುದು ಆಗ ಗೊತ್ತಾಗುತ್ತದೆ. ಆದ್ದರಿಂದ ಪೂರ್ತಿ ಬೆಳೆದ ಹಾವಿನ ಗೂಡು ಎಲ್ಲಿ, ಹೇಗೆ ಅನ್ನುವುದನ್ನು ಮರಿ ತರುವ ಮುಂಚೆಯೇ ತೀರ್ಮಾನಿಸಿ.

ಈ ಬರಹ ಐದರಿಂದ ಹತ್ತಡಿ ಬೆಳೆಯುವ, ವಿಷವಿಲ್ಲದ, ಬಿಗಿದು ಬೇಟೆಯಾಡುವ ಹಾವುಗಳಿಗೆ, ಮುಖ್ಯವಾಗಿ ಬೋವಾ ಕನ್‌ಸ್ಟ್ರಿಕ್ಟರ್ ಮತ್ತು ಕಾರ್ಪೆಟ್ ಹೆಬ್ಬಾವಿಗೆ ಸಂಬಂಧಿಸಿದ್ದು. ಬಾಲ್ ಪೈಥಾನ್ ಎಂಬ ಚಿಕ್ಕ ಹೆಬ್ಬಾವು ಸಾಕುವವರಿಗೂ ತತ್ವ ಇದೇ, ಅಳತೆ ಅರ್ಧ.

1. ಮೊದಲು ಕಾಗದ ಪತ್ರ

ನಮ್ಮ ನಾಡಿನ ಹಾವನ್ನು ಮನೆಯಲ್ಲಿ ಸಾಕುವಂತಿಲ್ಲ. ಕೇರೆ, ನಾಗರ, ಮಣ್ಣುಮುಕ್ಕ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ಕಿದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಅಷ್ಟೇ. ಬರ್ಮೀಸ್ ಹೆಬ್ಬಾವು ವಿದೇಶಿ ಎಂದು ಮಾರಲು ಬರುವವರಿದ್ದಾರೆ. ಅದು ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲೇ ಇದೆ. ರೆಟಿಕ್ಯುಲೇಟೆಡ್ ಹೆಬ್ಬಾವು ನಿಕೋಬಾರ್ ದ್ವೀಪಗಳಲ್ಲಿದೆ. ಇವೆರಡರ ಸಹವಾಸವೇ ಬೇಡ.

ಬೋವಾ, ಕಾರ್ಪೆಟ್ ಹೆಬ್ಬಾವು, ಬಾಲ್ ಪೈಥಾನ್ ಇವು ಸೈಟ್ಸ್ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳು. ಸೈಟ್ಸ್ ಎಂದರೆ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಒಪ್ಪಂದ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಈ ಪ್ರಾಣಿಗಳನ್ನು ನಾಲ್ಕನೇ ಅನುಸೂಚಿಗೆ ತಂದಿತು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳ ಪ್ರಕಾರ ಅವನ್ನು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ಅಲ್ಲೇ ತಿಳಿಸಬೇಕು. ಮಾರುವವರ ಹೆಸರಿನಲ್ಲಿ ನೋಂದಣಿ ಇಲ್ಲದಿದ್ದರೆ ಆ ಹಾವು ಎಲ್ಲಿಂದ ಬಂತು ಅಂತ ಯೋಚಿಸಿ: 2024ರ ಏಪ್ರಿಲ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದವರೊಬ್ಬರ ಬ್ಯಾಗಿನಲ್ಲಿ ಹತ್ತು ಹಳದಿ ಅನಕೊಂಡಾಗಳು ಸಿಕ್ಕಿದ್ದವು.

ಹೊರದೇಶದಲ್ಲಿರುವ ಕನ್ನಡಿಗರೂ ಕೇಳುತ್ತಾರೆ, ಅವರಿಗೆ ಎರಡು ಮಾತು. ಆಸ್ಟ್ರೇಲಿಯಾದಲ್ಲಿ ವಿದೇಶಿ ಹಾವು ನಿಷಿದ್ಧ, ಆದರೆ ಲೈಸೆನ್ಸ್ ತೆಗೆದುಕೊಂಡು ಅಲ್ಲಿನದೇ ಕಾರ್ಪೆಟ್ ಹೆಬ್ಬಾವು ಸಾಕಬಹುದು. ನ್ಯೂಜಿಲೆಂಡ್‌ನಲ್ಲಿ ಹಾವೇ ಕೂಡದು. ಅಮೆರಿಕದಲ್ಲಿ ರಾಜ್ಯಕ್ಕೊಂದು ಕಾನೂನು. ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮೀಸ್ ಹೆಬ್ಬಾವು ಬೇರೂರಿ ಅಲ್ಲಿನ ಪ್ರಾಣಿಗಳನ್ನು ತಿಂದು ಹಾಕಿದ ಮೇಲೆ ಫ್ಲೋರಿಡಾ ಅಂಥ ದೊಡ್ಡ ಹಾವುಗಳ ಸಾಕಣೆಯನ್ನೇ ನಿಲ್ಲಿಸಿದೆ.

ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ. ಮುಚ್ಚಿಟ್ಟು ತಂದ ಹಾವಿಗೆ ರಾತ್ರೋರಾತ್ರಿ ಹೊಸ ಮನೆ ಹುಡುಕುವುದು ಯಾರಿಗೂ ಬೇಡ.

2. ಅಳತೆ

ಸಾಮಾನ್ಯವಾಗಿ ಮಾರಾಟಕ್ಕೆ ಬರುವ ಮಧ್ಯ ಅಮೆರಿಕ ಮೂಲದ ಬೋವಾ ಐದರಿಂದ ಎಂಟಡಿ ಬೆಳೆಯುತ್ತದೆ. ಹೆಣ್ಣು ದೊಡ್ಡದು. ಗಂಡೋ ಹೆಣ್ಣೋ ಗೊತ್ತಿಲ್ಲದಿದ್ದರೆ ಹೆಣ್ಣು ಎಂದುಕೊಂಡೇ ಲೆಕ್ಕ ಹಾಕಿ.

ಗೂಡಿನ ಉದ್ದ ಮತ್ತು ಆಳ (ಮುಂದಿನಿಂದ ಹಿಂದಕ್ಕಿರುವ ಅಳತೆ) ಕೂಡಿಸಿದರೆ ಹಾವಿನ ಉದ್ದ ಬಂದರೆ ಸಾಕು ಅನ್ನುವುದು ಹಳಬರ ಲೆಕ್ಕ. ಅಂದರೆ ಏಳಡಿ ಹಾವಿಗೆ ಐದಡಿ ಉದ್ದ, ಎರಡಡಿ ಆಳ. ನನಗೆ ಇದು ಒಪ್ಪಿಗೆಯಿಲ್ಲ. ಹಾವು ಸದಾ ಸುತ್ತಿಕೊಂಡೇ ಇರುತ್ತದೆ ಎಂದು ನಂಬಿದ್ದ ಕಾಲದ ಲೆಕ್ಕ ಅದು. ರಾತ್ರಿ ಹೊತ್ತು ನೋಡಿದವರಿಗೆ ಗೊತ್ತು, ಜಾಗ ಕೊಟ್ಟರೆ ಅದು ಮೈಚಾಚಿ ಮಲಗುತ್ತದೆ, ಉದ್ದಕ್ಕೂ ಓಡಾಡುತ್ತದೆ. ಹಾವು ಪೂರ್ತಿ ಮೈಚಾಚುವಷ್ಟು ಉದ್ದ, ಅದರ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಆಳ, ಎರಡಡಿಗೆ ಕಡಿಮೆಯಿಲ್ಲದ ಎತ್ತರ, ಇದನ್ನು ಗುರಿ ಇಟ್ಟುಕೊಳ್ಳಿ. ಏಳೆಂಟಡಿ ಹೆಣ್ಣು ಬೋವಾಕ್ಕೆ 8 ಅಡಿ ಉದ್ದ, 3 ಅಡಿ ಆಳ, 2 ಅಡಿ ಎತ್ತರ. ಕಾರ್ಪೆಟ್ ಹೆಬ್ಬಾವು ಹತ್ತುವುದು ಜಾಸ್ತಿ, ಎತ್ತರ ಮೂರಡಿಗೆ ಏರಿಸಿ.

ಇಲ್ಲಿ ಬಡಗಿ ಒಂದು ತಕರಾರು ತೆಗೆಯುತ್ತಾರೆ, ಕೇಳಿಸಿಕೊಳ್ಳಿ. ಪ್ಲೈವುಡ್ ಶೀಟ್ ಬರುವುದು 8×4 ಅಡಿಯಲ್ಲಿ. "ಸಾರ್, ಎರಡಡಿ ಆಳ ಮಾಡ್ಸಿ, ಎರಡೇ ಶೀಟಲ್ಲಿ ಮುಗಿಯುತ್ತೆ, ವೇಸ್ಟೇ ಇಲ್ಲ" ಅನ್ನುತ್ತಾರೆ. ಲೆಕ್ಕ ಸರಿಯೇ: ಒಂದು ಶೀಟನ್ನು ಉದ್ದಕ್ಕೆ ಸೀಳಿದರೆ ಮೇಲ್ಭಾಗ ಮತ್ತು ತಳ, ಇನ್ನೊಂದರಲ್ಲಿ ಹಿಂಭಾಗ ಮತ್ತು ಎರಡು ಪಕ್ಕ. ಮೂರಡಿ ಆಳಕ್ಕೆ ಹೋದರೆ ಮೂರು ಶೀಟ್ ಬೇಕು. ಮೇಲ್ಭಾಗಕ್ಕೊಂದು, ತಳಕ್ಕೊಂದು, ಮೂರನೆಯದರಲ್ಲಿ ಹಿಂಭಾಗ ಮತ್ತು ಪಕ್ಕಗಳು. ಉಳಿಯುವ ಒಂದೊಂದು ಅಡಿಯ ಪಟ್ಟಿಗಳು ಮುಂದಿನ ಚೌಕಟ್ಟಿಗೆ ಬರುತ್ತವೆ. ಆ ಒಂದು ಶೀಟಿನ ದುಡ್ಡು ಉಳಿಸಲು ಹೋಗಬೇಡಿ. ತೋಳುದಪ್ಪದ ಹಾವು ಎರಡಡಿ ಆಳದಲ್ಲಿ ತಿರುಗಿಕೊಳ್ಳುವಾಗ ನೀರಿನ ತೊಟ್ಟಿ, ಅಡಗಲು ಇಟ್ಟ ಮರೆ, ಕೊಂಬೆ ಎಲ್ಲವೂ ಅದರ ಮೈಗೆ ಅಡ್ಡ ಬರುತ್ತವೆ.

"ದೊಡ್ಡ ಗೂಡಿಗೆ ಹಾಕಿದರೆ ಮರಿ ಹೆದರಿ ಊಟ ಬಿಡುತ್ತದಂತೆ?" ಬಯಲಿಗೆ ಹೆದರುತ್ತದೆ, ಜಾಗಕ್ಕಲ್ಲ. ಗೂಡಿನ ತುಂಬ ಮರೆ, ಎಲೆ, ಕೊಂಬೆ ಇದ್ದರೆ ಮರಿ ಅಲ್ಲೂ ನೆಮ್ಮದಿಯಾಗಿರುತ್ತದೆ. ಹಾಗೆ ತುಂಬಿಸುವ ತಾಳ್ಮೆ ಇಲ್ಲದಿದ್ದರೆ ಮೊದಲ ವರ್ಷಕ್ಕೆ ಚಿಕ್ಕ ಗೂಡು ಇಡಿ. ದೊಡ್ಡದಕ್ಕೆ ಜಾಗ ಮಾತ್ರ ಈಗಲೇ ಬಿಟ್ಟಿರಿ.

3. ಮನೆಯಲ್ಲಿ ಜಾಗ

ಅಂಗಡಿಯಲ್ಲಿ ಜೋಡಿಸಿ ತಂದ ಎಂಟಡಿ ಪೆಟ್ಟಿಗೆ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಹೋಗುವುದಿಲ್ಲ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಟ್ಟು ಬೋಲ್ಟಿನಲ್ಲಿ ಬಿಚ್ಚಿ ಜೋಡಿಸುವಂತೆ ಮಾಡಿಸಿ, ಕೋಣೆಯಲ್ಲೇ ಜೋಡಿಸಿ. ಒಂದು 18 ಎಂಎಂ ಶೀಟೇ 30 ಕಿಲೋ ದಾಟುತ್ತದೆ. ಗಾಜು, ತಳದ ಹಾಸು, ನೀರು ಸೇರಿದರೆ ಒಟ್ಟು ನೂರು ಕಿಲೋ ಮೀರುತ್ತದೆ. ತೆಳು ಕಾಲಿನ ಟೇಬಲ್ ಮೇಲೆ ಇಡುವ ವಸ್ತುವಲ್ಲ ಇದು. ಕಬ್ಬಿಣದ ಚೌಕಟ್ಟು ಮಾಡಿಸಿ ನೆಲದಿಂದ ಒಂದಡಿ ಎತ್ತರಿಸಿದರೆ ಗುಡಿಸುವುದೂ ಸುಲಭ, ಇರುವೆಯೂ ಕಡಿಮೆ.

ಕಿಟಕಿಯ ಬಿಸಿಲು ಗಾಜಿಗೆ ನೇರ ಬೀಳಬಾರದು. ಮುಚ್ಚಿದ ಗೂಡಿನೊಳಗೆ ಅರ್ಧ ಗಂಟೆಯ ಬಿಸಿಲೂ ಹಾವನ್ನು ಕೊಲ್ಲಬಹುದು. ಅಡುಗೆಮನೆ, ದೇವರಮನೆಗಳ ಪಕ್ಕ ಬೇಡ. ಒಗ್ಗರಣೆ ಹೊಗೆ, ಊದುಬತ್ತಿ, ಸಾಂಬ್ರಾಣಿ ಇವೆಲ್ಲ ಹಾವಿನ ಶ್ವಾಸಕ್ಕೆ ತೊಂದರೆ. ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರಾವಣ, ಜಿರಳೆ ಸ್ಪ್ರೇ ಆ ಕೋಣೆಗೇ ಬೇಡ. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ.

4. ಯಾವ ವಸ್ತು?

ಗಾಜಿನ ಅಕ್ವೇರಿಯಂ, ಮೇಲೆ ಜಾಲರಿ ಮುಚ್ಚಳ: ದೊಡ್ಡ ಹಾವಿಗೆ ಇದಕ್ಕಿಂತ ಕೆಟ್ಟ ಆಯ್ಕೆ ಇಲ್ಲ. ಬಿಸಿ, ತೇವ ಎರಡೂ ಮೇಲಿನಿಂದ ಹೊರಟುಹೋಗುತ್ತವೆ, ಮುಚ್ಚಳವನ್ನು ಹಾವು ಎತ್ತುತ್ತದೆ, ಜಾಲರಿಗೆ ಮೂತಿ ತಿಕ್ಕಿ ಗಾಯ ಮಾಡಿಕೊಳ್ಳುತ್ತದೆ. ಅಲ್ಲದೆ ಮೇಲಿನಿಂದ ಕೈ ಇಳಿಯುವುದನ್ನು ಹಾವು ಹದ್ದಿನ ದಾಳಿಯೆಂದೇ ತಿಳಿಯುತ್ತದೆ. ಬಾಗಿಲು ಮುಂದೆಯೇ ಇರಬೇಕು.

ಪ್ಲೈವುಡ್ ಗಟ್ಟಿ, ಬಿಸಿ ಹಿಡಿದಿಡುತ್ತದೆ. ಐಎಸ್ 710 ಮುದ್ರೆಯ, ನೀರು ತಡೆಯುವ ಮರೈನ್ ದರ್ಜೆಯದೇ ತೆಗೆದುಕೊಳ್ಳಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ತೇವಕ್ಕೆ ಬಿಸ್ಕತ್ತಿನಂತೆ ಉಬ್ಬುತ್ತವೆ. ಒಳಮೈಗೆಲ್ಲ ಲ್ಯಾಮಿನೇಟ್ ಹಾಕಿಸಿ, ಕೀಲುಗಳಿಗೆಲ್ಲ ಸಿಲಿಕೋನ್ ಎಳೆಸಿ. ಕತ್ತರಿಸಿದ ಅಂಚು, ವೈರಿಗೆ ಕೊರೆದ ತೂತು, ಇವೆರಡನ್ನು ಬಡಗಿ ಮರೆತೇ ಮರೆಯುತ್ತಾರೆ. ನೀರು ಇಳಿಯುವುದು ಅಲ್ಲಿಂದಲೇ. ಗೆದ್ದಲು ಮದ್ದು ಬಳಿದ ಮರ ಒಳಗೆ ಬೇಡ, ಘಮಘಮ ಅನ್ನುವ ದೇವದಾರು ಮರವೂ ಬೇಡ.

ಪಿವಿಸಿ ಫೋಮ್ ಬೋರ್ಡ್ ಅಂದರೆ ಈಗ ಬಚ್ಚಲಿನ ಬಾಗಿಲಿಗೆ, ಅಡುಗೆಮನೆಯ ಕಪಾಟಿಗೆ ಬಳಸುವ ಬಿಳಿ ಹಲಗೆ. ತೇವಕ್ಕೆ ಜಗ್ಗುವುದಿಲ್ಲ, ತೊಳೆಯಲು ಸುಲಭ, ತೂಕ ಕಡಿಮೆ. ಮಂಗಳೂರು, ಉಡುಪಿ, ಕಾರವಾರದವರಿಗೆ ನಾನು ಹೇಳುವುದು ಇದನ್ನೇ. ಎರಡು ಎಚ್ಚರಿಕೆ: ಸ್ಕ್ರೂ ಅದರಲ್ಲಿ ಮರದಷ್ಟು ಹಿಡಿಯುವುದಿಲ್ಲ, ಮೂಲೆಗಳಿಗೆ ಅಲ್ಯೂಮಿನಿಯಂ ಆಂಗಲ್ ಕೊಡಿಸಿ. 70 ಡಿಗ್ರಿ ದಾಟಿದರೆ ಅದು ಮೆತ್ತಗಾಗುತ್ತದೆ, ಹಾಗಾಗಿ ಕೆಂಪಗೆ ಕಾಯುವ ಬಲ್ಬು ಅದಕ್ಕೆ ಹತ್ತಿರ ಕೂಡದು.

ಗೂಡು ಮುಗಿದ ದಿನವೇ ಹಾವು ಬಿಡಬೇಡಿ. ಗಮ್ಮು, ಸಿಲಿಕೋನ್ ವಾಸನೆ ಮೂಗಿಗೆ ಬಡಿಯುತ್ತಿರುವಷ್ಟು ದಿನ ಬಾಗಿಲು ತೆರೆದೇ ಇಡಿ.

5. ಬಾಗಿಲು, ಬೀಗ

ಹಾವು ತಪ್ಪಿಸಿಕೊಂಡಿತು ಎಂದರೆ ಬಹುತೇಕ ಬಾಗಿಲಿನದೇ ತಪ್ಪು. ಹಾವಿಗೆ ಅವಸರವಿಲ್ಲ. ರಾತ್ರಿಯೆಲ್ಲ ಪ್ರತಿ ಸಂದಿಗೂ ಮೂತಿ ಒತ್ತಿ ನೋಡುತ್ತದೆ. ಒಂದು ಕಡೆ ಕೂದಲೆಳೆಯಷ್ಟು ಸರಿದರೂ ನಾಳೆ ಮತ್ತೆ ಅಲ್ಲಿಗೇ ಬರುತ್ತದೆ. ಜಾರುವ ಗಾಜು ಹಾಕಿಸಿದ್ದರೆ ಅದು ಗಾಜನ್ನು ಹೊರಕ್ಕೆ ತಳ್ಳುವುದಿಲ್ಲ, ಮೈಯನ್ನು ಅದಕ್ಕೆ ಒತ್ತಿ ಪಕ್ಕಕ್ಕೆ ಸರಿಸುತ್ತದೆ.

ಎರಡು ಗಾಜು ಒಂದರ ಮೇಲೊಂದು ಎರಡು ಇಂಚಾದರೂ ಹಾಯ್ದಿರಲಿ. 5 ಅಥವಾ 6 ಎಂಎಂ ಟಫನ್ಡ್ ಗಾಜು ಹಾಕಿಸಿ, ಅಂದರೆ ಒಡೆದರೂ ಚೂಪು ಚೂರಾಗದ, ಕಾಯಿಸಿ ಗಟ್ಟಿ ಮಾಡಿದ ಗಾಜು. ಅದನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ. ಆದ್ದರಿಂದ ಚೌಕಟ್ಟು ನಿಂತ ಮೇಲೆ ಅಳತೆ ಕೊಡಿ. ಅಳತೆ ಕೊಡುವಾಗ ಗಾಜು ಜಾರುವ ತೋಡಿನ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಗಾಜನ್ನು ಮೇಲಕ್ಕೆತ್ತಿ ಕೆಳಗಿನ ತೋಡಿನಿಂದ ಬಿಡಿಸುವಂತಿದ್ದರೆ ಹಾವೂ ಅದನ್ನೇ ಮಾಡೀತು. ಅಂಗಡಿ ಶೋಕೇಸಿಗೆ ಹಾಕುವ, ಹಲ್ಲುಪಟ್ಟಿಯ ಮೇಲೆ ಜಾರಿ ಕಚ್ಚಿಕೊಳ್ಳುವ ಬೀಗ ಇದಕ್ಕೆ ಹೇಳಿ ಮಾಡಿಸಿದ್ದು. ಬೀಗದ ಕೈ ಮಕ್ಕಳಿಗೆ ಎಟುಕದ ಕಡೆ ಇರಲಿ. ಆಯಸ್ಕಾಂತದ ಕ್ಯಾಚು, ಟೇಪು, ಮೇಲೆ ಪುಸ್ತಕ ಪೇರಿಸುವುದು ಇವೆಲ್ಲ ಆಟದ ಸಾಮಾನು.

ಗಾಳಿಕಿಂಡಿಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಗ್ರಿಲ್ ಬೇಡ. ಅಲ್ಯೂಮಿನಿಯಂ ಗ್ರಿಲ್ಲನ್ನು ಸ್ಕ್ರೂ ಹಾಕಿ ಬಿಗಿಯಬೇಕು. ಮುಂದಿನ ಕೆಳ ಪಟ್ಟಿ ಐದಾರು ಇಂಚು ಎತ್ತರವಿದ್ದರೆ ಹಾಸು ತೋಡಿನೊಳಗೆ ಬೀಳುವುದಿಲ್ಲ, ಗಾಜು ಸಲೀಸಾಗಿ ಜಾರುತ್ತದೆ.

ಎಂಟಡಿ ದಾಟಿದ ಹಾವಿನ ಗೂಡನ್ನು ಊಟ ಕೊಡಲು ತೆರೆಯುವಾಗ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಪಕ್ಕದಲ್ಲೇ ಇರಬೇಕು. ಈ ನಿಯಮದಲ್ಲಿ ರಿಯಾಯಿತಿ ಇಲ್ಲ.

6. ಬಿಸಿ

ಹಾವಿನ ಮೈ ತಾನಾಗಿ ಬಿಸಿ ಹುಟ್ಟಿಸಿಕೊಳ್ಳುವುದಿಲ್ಲ. ಬೆಚ್ಚಗೆ ಬೇಕೆನಿಸಿದಾಗ ಒಂದು ತುದಿಗೆ, ತಂಪು ಬೇಕೆನಿಸಿದಾಗ ಇನ್ನೊಂದು ತುದಿಗೆ ಹೋಗಬೇಕು. ಇದಕ್ಕೇ ಥರ್ಮಲ್ ಗ್ರೇಡಿಯೆಂಟ್ ಎನ್ನುತ್ತಾರೆ, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಇಳಿಯುತ್ತ ಹೋಗುವ ಬಿಸಿ. ಬೋವಾಕ್ಕೆ ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ, ತಂಪು ತುದಿಯಲ್ಲಿ 25ರಿಂದ 27 ಇರಲಿ. ರಾತ್ರಿ 24ಕ್ಕಿಂತ ಇಳಿಯದಿರಲಿ.

ಇದಕ್ಕೆ ನನ್ನ ಆಯ್ಕೆ ರೇಡಿಯಂಟ್ ಹೀಟ್ ಪ್ಯಾನೆಲ್. ಚಾವಣಿಗೆ ಬಿಗಿಯುವ ಚಪ್ಪಟೆ ಹಲಗೆ ಅದು. ಬೆಳಕಿಲ್ಲ, ಹಾವು ಸುತ್ತಿಕೊಳ್ಳಲು ಬಲ್ಬಿಲ್ಲ. ಸೆರಾಮಿಕ್ ಹೀಟರ್, ಅಂದರೆ ಬೆಳಕು ಕೊಡದೆ ಬಿಸಿ ಮಾತ್ರ ಕೊಡುವ ಬಲ್ಬು, ಅಗ್ಗ. ಆದರೆ ಅದರ ಮೈ ಮುಟ್ಟಿದರೆ ಸುಡುತ್ತದೆ. ಪಿಂಗಾಣಿ ಹೋಲ್ಡರ್, ಸುತ್ತ ಕಬ್ಬಿಣದ ಪಂಜರ ಕಡ್ಡಾಯ. ಹೀಟ್ ಮ್ಯಾಟ್, ಅಂದರೆ ಅಡಿಯಲ್ಲಿ ಹಾಸುವ ಕಾಯುವ ಹಾಳೆ, ಮರಿಗೆ ಸಾಕು, ಭಾರದ ಹಾವಿಗೆ ಬೇಡ: ಮೇಲೆ ಸುತ್ತಿಕೊಂಡು ಮಲಗಿದರೆ ಬಿಸಿ ಅಡಿಯಲ್ಲೇ ಸಿಕ್ಕಿಕೊಂಡು ಹೊಟ್ಟೆಯ ಹುರುಪೆ ಬೇಯುತ್ತದೆ. ಸುಡುತ್ತಿದ್ದರೂ ಹಾವು ಎದ್ದು ಹೋಗುವುದಿಲ್ಲ, ನೆನಪಿರಲಿ. ವಿದ್ಯುತ್ತಿನಿಂದ ಕಾಯುವ ಹಾಟ್ ರಾಕ್ ಎಂಬ ಕೃತಕ ಕಲ್ಲು ಮಾರುತ್ತಾರೆ, ಅದನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಯಾವ ಹೀಟರ್ ಆದರೂ ಥರ್ಮೋಸ್ಟಾಟ್ ಇಲ್ಲದೆ ಹಚ್ಚಬಾರದು. ಥರ್ಮಾಮೀಟರ್ ಬಿಸಿ ಎಷ್ಟಿದೆಯೆಂದು ತೋರಿಸುತ್ತದೆ, ಥರ್ಮೋಸ್ಟಾಟ್ ಬಿಸಿಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಎರಡನ್ನೂ ಒಂದೇ ಎಂದುಕೊಂಡು ಮೊದಲನೆಯದನ್ನು ಮಾತ್ರ ಕೊಂಡವರು ಕಡಿಮೆಯಿಲ್ಲ. ಪ್ಯಾನೆಲ್ಲಿಗೆ, ಸೆರಾಮಿಕ್ಕಿಗೆ ವಿದ್ಯುತ್ತನ್ನು ಬಿಟ್ಟುಬಿಟ್ಟು ಕೊಡುವ ಪಲ್ಸ್ ಮಾದರಿ ಒಳ್ಳೆಯದು. ಬೆಳಕಿನ ಬಲ್ಬಾದರೆ ಡಿಮ್ಮರ್ ಮಾದರಿ.

ದೊಡ್ಡ ಅಪಾಯ ಇರುವುದು ಥರ್ಮೋಸ್ಟಾಟಿನ ಪ್ರೋಬಿನಲ್ಲಿ, ಬಿಸಿ ಅಳೆಯುವ ವೈರಿನ ತುದಿಯಲ್ಲಿ. ಹಾವು ಅದನ್ನು ಎಳೆದು ನೀರಿನ ತೊಟ್ಟಿಗೆ ಹಾಕಿತು ಎಂದುಕೊಳ್ಳಿ. ನೀರು 25 ಡಿಗ್ರಿ. ಗೂಡು ತಣ್ಣಗಿದೆ ಎಂದು ತಿಳಿದ ಥರ್ಮೋಸ್ಟಾಟ್ ಹೀಟರನ್ನು ಪೂರ್ತಿ ಹಚ್ಚಿಬಿಡುತ್ತದೆ, ಆರಿಸುವುದೇ ಇಲ್ಲ. ಬೆಳಗ್ಗೆ ಎದ್ದು ನೋಡುವ ಹೊತ್ತಿಗೆ ಗೂಡು ಒಲೆ. ಪ್ರೋಬನ್ನು ಬಿಸಿ ತುದಿಯ ಗೋಡೆಗೆ ಕ್ಲಿಪ್ ಹಾಕಿ ಸ್ಕ್ರೂ ಬಿಗಿಯಿರಿ. ಟೇಪಿನಿಂದ ಅಂಟಿಸಬೇಡಿ, ಬಿಚ್ಚಿಕೊಂಡ ಟೇಪು ಹಾವಿನ ಚರ್ಮವನ್ನೂ ಕಿತ್ತುತರುತ್ತದೆ. ಗೂಡಿನ ಪ್ಲಗ್ ಪಾಯಿಂಟಿಗೆ ಅರ್ತ್ ಸರಿಯಿದೆಯೇ, ಮನೆಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ.

ಊರಿಂದ ಊರಿಗೆ ಸಮಸ್ಯೆ ಬೇರೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರಿನಲ್ಲಿ ಚಳಿಗಾಲದ ರಾತ್ರಿಯ ಚಿಂತೆ. ಕರೆಂಟು ಹೋದರೆ ಮರದ ಗೂಡು ಬಿಸಿಯನ್ನು ಕೆಲವು ಗಂಟೆ ಹಿಡಿದಿಡುತ್ತದೆ, ಮೇಲೊಂದು ಕಂಬಳಿ ಹೊದಿಸಿ. ನೂರು ವ್ಯಾಟಿನ ಪ್ಯಾನೆಲ್ಲನ್ನು ಮನೆಯ ಇನ್ವರ್ಟರೂ ಓಡಿಸುತ್ತದೆ. ಗೂಡು ತಣ್ಣಗಾದ ದಿನ ಊಟ ಮಾತ್ರ ಕೊಡಬೇಡಿ, ಅರಗದೆ ಕಕ್ಕುತ್ತದೆ. ರಾಯಚೂರು, ಕಲಬುರಗಿಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬೇಕಾಗುವುದು ಹೀಟರಲ್ಲ, ಕೋಣೆಗೆ ಎಸಿ. ಅದಕ್ಕೆ ಅನುಕೂಲವಿಲ್ಲದಿದ್ದರೆ ಆ ಊರಿನಲ್ಲಿ ದೊಡ್ಡ ಹಾವು ಸಾಕುವ ಆಸೆ ಬಿಡುವುದೇ ಮೇಲು.

7. ತೇವ, ಗಾಳಿ

ಬೋವಾಕ್ಕೆ ಶೇ. 60ರಿಂದ 70 ತೇವಾಂಶ ಹದ. ಕಡಿಮೆಯಾದರೆ ಪೊರೆ ಇಡಿಯಾಗಿ ಬಿಡದೆ ತುಂಡುತುಂಡಾಗಿ ಬರುತ್ತದೆ, ಕಣ್ಣಿನ ಮೇಲಿನದು ಉಳಿದುಕೊಳ್ಳುತ್ತದೆ. ಹೆಚ್ಚಾಗಿ ಗಾಳಿಯೂ ಆಡದಿದ್ದರೆ ಹೊಟ್ಟೆಯ ಹುರುಪೆಗಳಲ್ಲಿ ಬೊಕ್ಕೆ ಏಳುತ್ತದೆ. ತಂಪು ತುದಿಯಲ್ಲಿ ಕೆಳಗೆ ಒಂದು ಕಿಂಡಿ, ಬಿಸಿ ತುದಿಯಲ್ಲಿ ಮೇಲೆ ಒಂದು ಕಿಂಡಿ ಇಟ್ಟರೆ ಗಾಳಿ ತಾನಾಗಿ ಹರಿಯುತ್ತದೆ. ಕರಾವಳಿಯವರು ಕಿಂಡಿಯ ಸಂಖ್ಯೆ ದುಪ್ಪಟ್ಟು ಮಾಡಿ, ಮಳೆಗಾಲದಲ್ಲಿ ನೀರು ಚಿಮುಕಿಸುವುದನ್ನು ನಿಲ್ಲಿಸಿ. ಬಯಲುಸೀಮೆಯವರು ಅರ್ಧ ಕಿಂಡಿ ಮುಚ್ಚಿ, ನೀರಿನ ತೊಟ್ಟಿಯನ್ನು ಬಿಸಿ ತುದಿಯ ಕಡೆ ಸ್ವಲ್ಪ ಸರಿಸಿ.

8. ಒಳಗಿನ ಸಾಮಾನು

ತಳಕ್ಕೆ ಹಾಸಲು ತೆಂಗಿನ ಸಿಪ್ಪೆಯ ಚೂರು ಸಾಕು, ನಮ್ಮಲ್ಲಿ ಅದಕ್ಕೆ ಬರವಿಲ್ಲ. ನರ್ಸರಿಯಿಂದ ತಂದದ್ದಾದರೆ ಗೊಬ್ಬರ ಬೆರೆಸಿಲ್ಲ ಎಂದು ಕೇಳಿಕೊಂಡು, ತೊಳೆದು ಒಣಗಿಸಿ ಹಾಕಿ. ಕೋಕೋಪೀಟ್ ಪುಡಿಯೊಂದನ್ನೇ ಹಾಕಿದರೆ ಒಣಗಿದಾಗ ದೂಳು ಏಳುತ್ತದೆ. ಮರದ ಹೊಟ್ಟು ಬೇಡ.

ಮರೆ ಎರಡು ಬೇಕು, ಬಿಸಿ ತುದಿಗೊಂದು, ತಂಪು ತುದಿಗೊಂದು. ಒಂದೇ ಇಟ್ಟರೆ ಹಾವು ಬಿಸಿ ಬೇಕೋ ಅಡಗುವುದು ಬೇಕೋ ಎಂದು ಆರಿಸಬೇಕಾಗುತ್ತದೆ, ಅಡಗುವುದನ್ನೇ ಆರಿಸುತ್ತದೆ. ದೊಡ್ಡ ಹಾವಿನ ಅಳತೆಯ ಮರೆ ಅಂಗಡಿಯಲ್ಲಿ ಸಿಗುವುದು ಕಷ್ಟ. ಗಾರೆ ಕೆಲಸದ ಪ್ಲಾಸ್ಟಿಕ್ ಬಾಂಡ್ಲಿಯನ್ನು ಕವುಚಿ, ಬಾಗಿಲು ಕೊರೆದು, ಅಂಚನ್ನು ಉಜ್ಜಿ ನಯಮಾಡಿದರೆ ಆಯಿತು. ಒಳಗೆ ಸುತ್ತಿಕೊಂಡಾಗ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ, ಹಾವಿಗೆ ಧೈರ್ಯ ಬರುವುದೇ ಅದರಿಂದ.

ನೀರಿನ ತೊಟ್ಟಿ ಹಾವು ಇಡೀ ಇಳಿದು ಕೂರುವಷ್ಟು ದೊಡ್ಡದು, ಮಗುಚದಷ್ಟು ಭಾರ ಇರಬೇಕು. ಅರ್ಧ ಮಾತ್ರ ತುಂಬಿಸಿ, ಇಲ್ಲದಿದ್ದರೆ ಹಾವು ಇಳಿದ ಕೂಡಲೇ ಹಾಸು ಕೆಸರು. ಕೊಂಬೆಗೆ ಸೀಬೆ, ಹುಣಸೆ ಒಳ್ಳೆಯವು, ನೀಲಗಿರಿ ಬೇಡ. ಚೆನ್ನಾಗಿ ಬಿಸಿಲಿಗೆ ಒಣಗಿಸಿ. ಹತ್ತು ಕಿಲೋ ಭಾರ ನೇತಾಡಿದರೂ ಅಲ್ಲಾಡದಂತೆ ಗೋಡೆಯ ಆಚೆಯಿಂದ ಬೋಲ್ಟ್ ಹಾಕಿ ಬಿಗಿಯಿರಿ.

ಒರೆಸಲು ಫಿನಾಯಿಲ್ ಬಳಸಬೇಡಿ. ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದೇ ಅದಕ್ಕೆ, ಹಾವಿಗೆ ಅದು ವಿಷ. ನೀರು ಬೆರೆಸಿದ ಬ್ಲೀಚ್ ಸಾಕು. ಒರೆಸಿ, ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ.

9. ಖಾಲಿ ಗೂಡನ್ನು ಒಂದು ವಾರ ಓಡಿಸಿ

ಎಲ್ಲ ಜೋಡಿಸಿ, ಹಾವಿಲ್ಲದೆ ಒಂದು ವಾರ ನಡೆಸಿ. ಎರಡು ತುದಿಗಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಡಿ. ನಸುಕಿನಲ್ಲೂ ಮಧ್ಯಾಹ್ನ ಮೂರಕ್ಕೂ ಓದಿ ಬರೆದುಕೊಳ್ಳಿ. ಬಿಸಿ ತುದಿಯ ಮೇಲ್ಮೈಯನ್ನು ಟೆಂಪರೇಚರ್ ಗನ್ನಿನಿಂದ ಅಳೆಯಿರಿ, ಗಾಳಿಯ ಬಿಸಿಗೂ ಹಲಗೆಯ ಬಿಸಿಗೂ ನಾಲ್ಕೈದು ಡಿಗ್ರಿ ವ್ಯತ್ಯಾಸ ಬರುವುದುಂಟು. ಎರಡೂ ತುದಿ ಒಂದೇ ಬಿಸಿ ತೋರಿಸಿದರೆ ತಂಪು ತುದಿಯ ಕಿಂಡಿ ದೊಡ್ಡದು ಮಾಡಿ, ಇಲ್ಲವೇ ಹೀಟರನ್ನು ಇನ್ನಷ್ಟು ಮೂಲೆಗೆ ಸರಿಸಿ. ಒಂದು ರಾತ್ರಿ ಬೇಕೆಂದೇ ಮೇನ್ ಸ್ವಿಚ್ ಆರಿಸಿ, ಬಿಸಿ 24ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕಾಯಿತು ನೋಡಿ. ನಿಮ್ಮ ಇನ್ವರ್ಟರ್ ಎಷ್ಟು ಹೊತ್ತಿಗೆ ಬೇಕು ಅನ್ನುವುದು ಆಗ ತಿಳಿಯುತ್ತದೆ.

ಹಾವು ಬಿಟ್ಟ ಮೊದಲ ವಾರ ಮುಟ್ಟಬೇಡಿ, ಊಟವನ್ನೂ ಕೊಡಬೇಡಿ, ನೀರು ಮಾತ್ರ ಬದಲಿಸಿ. ಆ ವಾರ ಅದು ಎಲ್ಲಿ ಮಲಗುತ್ತದೆ ಅನ್ನುವುದೇ ನಿಮಗೆ ವರದಿ. ಹಗಲು ರಾತ್ರಿ ಬಿಸಿ ತುದಿಯಲ್ಲೇ ಬಿದ್ದಿದ್ದರೆ ಗೂಡು ತಣ್ಣಗಿದೆ. ತೊಟ್ಟಿಯಿಂದ ಮೇಲೇಳದಿದ್ದರೆ ಬಿಸಿ ಹೆಚ್ಚಾಗಿದೆ, ಇಲ್ಲವೇ ಮೈಮೇಲೆ ಉಣ್ಣಿಯಂಥ ಹುಳ ಇದೆ. ಬಿಳಿ ಕರವಸ್ತ್ರದಿಂದ ಮೈ ಸವರಿ ನೋಡಿ, ಕರಿ ಚುಕ್ಕೆ ಅಂಟಿದರೆ ಹುಳವೇ. ಮೂರ್ನಾಲ್ಕು ರಾತ್ರಿ ಬಿಡದೆ ಗಾಜಿಗೆ ಮೂತಿ ತಿಕ್ಕಿದರೆ ಮರೆ ಸಾಲದು. ಗಾಜಿನ ಕೆಳಗಿನ ಅರ್ಧಕ್ಕೆ ಹೊರಗಿನಿಂದ ಕಾಗದ ಅಂಟಿಸಿ, ತಂಪು ತುದಿಯಲ್ಲಿ ಇನ್ನೊಂದು ಬಾಂಡ್ಲಿ ಕವುಚಿ.